ಅಯೋಡಿನ್ ಕೆಲಸ ಮಾಡದಿದ್ದಾಗ ನಾನು ಮಾತ್ರೆ ಕೊಡುವ ರೀತಿ

ಥೈರಾಯ್ಡ್ ಕ್ಯಾನ್ಸರ್ ಬಂದವರಲ್ಲಿ ಹೆಚ್ಚಿನವರಿಗೆ ಆಪರೇಷನ್, ಬೇಕಾದರೆ ರೇಡಿಯೋ ಅಯೋಡಿನ್ (ಥೈರಾಯ್ಡ್ ಕೋಶಗಳು ಹೀರಿಕೊಂಡು ಸಾಯುವ, ವಿಕಿರಣ ಸೂಸುವ ಅಯೋಡಿನ್), ಅಷ್ಟಕ್ಕೇ ಮುಗಿಯುತ್ತದೆ. ಕ್ಯಾನ್ಸರ್ ಔಷಧಿ ವಿಭಾಗದಲ್ಲಿರುವ ನನ್ನ ಬಳಿಗೆ ಬರುವವರು ಅಷ್ಟಕ್ಕೆ ಮುಗಿಯದವರು. ಗಡ್ಡೆ ಅಯೋಡಿನ್ ಹೀರುವುದೇ ಇಲ್ಲ, ಇಲ್ಲವೇ ಹೀರಿಯೂ ಬೆಳೆಯುತ್ತದೆ.

ಬಂದವರಿಗೆಲ್ಲ ನಾನು ಮಾತ್ರೆ ಬರೆಯುವುದಿಲ್ಲ. "ಏನೂ ಕೊಡದೆ ಸುಮ್ನೆ ಕಳಿಸ್ತೀರಾ ಸಾರ್?" ಅಂತ ಮನೆಯವರು ಕೇಳುತ್ತಾರೆ. ಶ್ವಾಸಕೋಶದಲ್ಲಿ ಸಣ್ಣ ಗಂಟುಗಳಿವೆ, ತಿಂಗಳುಗಟ್ಟಲೆ ಹಾಗೇ ಇವೆ, ತೊಂದರೆಯಿಲ್ಲ ಅಂದರೆ ಥೈರಾಕ್ಸಿನ್ ಅನ್ನುವ ಥೈರಾಯ್ಡ್ ಹಾರ್ಮೋನ್ ಮಾತ್ರೆಯಿಂದ ಟಿಎಸ್‌ಎಚ್ (ಗಡ್ಡೆಯನ್ನು ಬೆಳೆಯಲು ಕೆರಳಿಸುವ ಹಾರ್ಮೋನ್) ತಗ್ಗಿಸಿಟ್ಟು ಸ್ಕ್ಯಾನ್ ಮಾಡಿಸುತ್ತಾ ಕಾಯುತ್ತೇನೆ. ರಕ್ತದಲ್ಲಿ ಈ ಕ್ಯಾನ್ಸರಿನ ಸುಳಿವು ಕೊಡುವ ಥೈರೋಗ್ಲೋಬ್ಯುಲಿನ್ ಏರಿತು ಅನ್ನುವ ಒಂದೇ ಕಾರಣಕ್ಕೆ ಶುರು ಮಾಡುವುದಿಲ್ಲ. ಈ ಔಷಧಿಗಳು ರೋಗವನ್ನು ತಡೆದು ಹಿಡಿಯುತ್ತವೆ, ಬುಡಸಮೇತ ಕೀಳುವುದಿಲ್ಲ. ಆದರೆ ಅಡ್ಡಪರಿಣಾಮ ಮೊದಲ ವಾರಗಳಲ್ಲೇ ಬರುತ್ತದೆ.

ಶುರು ಮಾಡಲೇಬೇಕಾದಾಗ ಮೊದಲು ಹಳೆಯ ಆಪರೇಷನ್ನಿನ ಬ್ಲಾಕ್ (ಮೇಣದಲ್ಲಿ ಕಾಪಾಡಿಟ್ಟ ಗಡ್ಡೆಯ ತುಣುಕು) ತರಿಸಿ ಜೀನ್ ಪರೀಕ್ಷೆಗೆ ಕಳಿಸುತ್ತೇನೆ. ಆರ್‌ಇಟಿ ಅನ್ನುವ ಜೀನ್‌ನಲ್ಲಿ ಬದಲಾವಣೆ ಸಿಕ್ಕರೆ ಅದಕ್ಕೇ ಗುರಿಯಿಟ್ಟ ಸೆಲ್ಪರ್ಕ್ಯಾಟಿನಿಬ್, ಎನ್‌ಟಿಆರ್‌ಕೆ ಜೀನ್‌ನಲ್ಲಿ ಸಿಕ್ಕರೆ ಲಾರೊಟ್ರೆಕ್ಟಿನಿಬ್ ಯೋಚಿಸಬಹುದು. ಬೆಲೆ ಮಾತ್ರ ಕೇಳಬೇಡಿ. ಬಹುಪಾಲು ಜನರಿಗೆ ಇಂಥದ್ದು ಸಿಗುವುದಿಲ್ಲ. ಆಗ ನನ್ನ ಆಯ್ಕೆ ಲೆನ್ವಾಟಿನಿಬ್, ಗಡ್ಡೆಗೆ ಹೊಸ ರಕ್ತನಾಳ ಬೆಳೆಯದಂತೆ ತಡೆಯುವ ಕ್ಯಾಪ್ಸೂಲ್.

2013ರಲ್ಲಿ ಅಮೆರಿಕದಲ್ಲಿ ಈ ರೋಗಕ್ಕೆ ಒಪ್ಪಿಗೆ ಪಡೆದ ಇದೇ ಬಗೆಯ ಸೊರಾಫೆನಿಬ್, ರೋಗಿಗಳ ಮೇಲಿನ ಪರೀಕ್ಷೆಯಲ್ಲಿ ರೋಗ ಮುಂದುವರಿಯದ ಅವಧಿಯನ್ನು (ಔಷಧಿಯಿಲ್ಲದ ಹುಸಿ ಮಾತ್ರೆ ಪಡೆದವರ) 5.8 ತಿಂಗಳಿಂದ 10.8ಕ್ಕೆ ಒಯ್ದಿತ್ತು. 2015ರ ಲೆನ್ವಾಟಿನಿಬ್ ಪರೀಕ್ಷೆಯಲ್ಲಿ ಅದು 3.6ರಿಂದ 18.3 ತಿಂಗಳಿಗೆ ಹೋಯಿತು. ಎರಡೂ ಬೇರೆ ಬೇರೆ ಪರೀಕ್ಷೆ, ಪಕ್ಕಪಕ್ಕ ಇಟ್ಟು ತೂಗುವುದು ಪೂರ್ತಿ ಸರಿಯಲ್ಲ. ಆದರೂ ನಾನು ಲೆನ್ವಾಟಿನಿಬ್ ಕಡೆಗೇ ವಾಲುತ್ತೇನೆ.

ಪೂರ್ತಿ ಡೋಸ್ ದಿನಕ್ಕೆ 24 ಮಿಲಿಗ್ರಾಂ: ಎರಡು ಹತ್ತರ ಕ್ಯಾಪ್ಸೂಲ್, ಒಂದು ನಾಲ್ಕರದು. 18ರಿಂದಲೇ ಶುರು ಮಾಡಿದರೂ ಅಷ್ಟೇ ಫಲ ಸಿಗುತ್ತದಾ ಅಂತ ಒಂದು ಪರೀಕ್ಷೆ ನಡೆದಿತ್ತು, ಸಾಬೀತಾಗಲಿಲ್ಲ. ಹಾಗಾಗಿ ಗಟ್ಟಿಮುಟ್ಟಾಗಿರುವವರಿಗೆ 24ರಿಂದಲೇ ಶುರು, ಆಮೇಲೆ 20, 14 ಅಂತ ಇಳಿಸುತ್ತೇನೆ. ತೀರಾ ವಯಸ್ಸಾದ, ಸೊರಗಿದವರಿಗೆ ಈ ಲೆಕ್ಕ ಹಿಡಿಯುವುದಿಲ್ಲ.

ನಿಜವಾದ ಕೆಲಸ ಇರುವುದು ಮೊದಲ ಎರಡು ತಿಂಗಳಲ್ಲಿ. ಈ ಔಷಧಿ ಬಿಪಿ ಏರಿಸುತ್ತದೆ, ಹಾಗಾಗಿ ಬಿಪಿ ಮೆಷಿನ್ ಮನೆಗೆ ತರುವವರೆಗೂ ನಾನು ಚೀಟಿ ಬರೆಯುವುದಿಲ್ಲ. ಬೆಳಿಗ್ಗೆ, ಸಂಜೆ ನೋಡಿ ಪುಸ್ತಕದಲ್ಲಿ ಬರೆಯಬೇಕು. ಒಬ್ಬ ರೈತರು ಹಾಲಿನ ಲೆಕ್ಕದ ಪುಸ್ತಕದಲ್ಲೇ ಬರೆದು ತಂದಿದ್ದರು, ಲೀಟರಿನ ಪಕ್ಕದಲ್ಲಿ ಬಿಪಿ. 128, 134, 146, 158. ತಲೆನೋವೇನೂ ಇರಲಿಲ್ಲ. ಅವರ ಪ್ರಕಾರ ಎಲ್ಲ ಚೆನ್ನಾಗಿತ್ತು! ಅವತ್ತೇ ಬಿಪಿ ಮಾತ್ರೆ ಸೇರಿಸಿದೆ, ಕ್ಯಾಪ್ಸೂಲ್ ನಿಲ್ಲಿಸಬೇಕಾಗಲಿಲ್ಲ. ಬಿಪಿ ಮಾತ್ರೆ ಕೊಟ್ಟರೂ 160/100ಕ್ಕಿಂತ ಕೆಳಗೆ ಇಳಿಯದಿದ್ದರೆ ಕ್ಯಾಪ್ಸೂಲ್‌ಗೆ ಕೆಲವು ದಿನ ಬಿಡುವು ಕೊಡುತ್ತೇನೆ. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯಾ ಅಂತಲೂ ಆಗಾಗ ನೋಡಿಸುತ್ತೇನೆ.

ಪ್ರತಿ ಸಲವೂ ಚಪ್ಪಲಿ ಬಿಡಿಸಿ ಪಾದ ನೋಡುತ್ತೇನೆ. ಒತ್ತುವ ಜಾಗ ಕೆಂಪಗಾಗಿ, ಉರಿದು, ಸಿಪ್ಪೆ ಏಳಬಹುದು. ಯೂರಿಯಾ ಇರುವ ಕ್ರೀಮ್ ಮೊದಲ ದಿನದಿಂದಲೇ, ಗದ್ದೆಗೂ ಮೆತ್ತನೆಯ ಚಪ್ಪಲಿ. ಭೇದಿಗೆ ಲೋಪೆರಮೈಡ್ ಮನೆಯಲ್ಲಿರಲಿ ಅನ್ನುತ್ತೇನೆ. ಇನ್ನೊಂದು ವಿಷಯ ಬಹಳ ಜನ ಮರೆಯುತ್ತಾರೆ: ಈ ಔಷಧಿ ನುಂಗುವಾಗ ಟಿಎಸ್‌ಎಚ್ ಮೇಲೇರುತ್ತದೆ. ಸುಸ್ತು ಜಾಸ್ತಿ ಅಂದಾಗ ಅದನ್ನೂ ಪರೀಕ್ಷಿಸಿ ಥೈರಾಕ್ಸಿನ್ ಹೆಚ್ಚಿಸುತ್ತೇನೆ.

ಲೆನ್ವಾಟಿನಿಬ್ ಮೇಲೂ ರೋಗ ಬೆಳೆದರೆ ಕ್ಯಾಬೊಜಾಂಟಿನಿಬ್ ಇದೆ, ಅಮೆರಿಕದಲ್ಲಿ 2021ರಲ್ಲಿ ಇದಕ್ಕೆ ಒಪ್ಪಿಗೆ ಪಡೆದದ್ದು. ಇವೆರಡರಲ್ಲಿ ಯಾವುದನ್ನು ನುಂಗುತ್ತಿದ್ದರೂ ಹಲ್ಲು ಕೀಳಿಸುವ ಮುಂಚೆ ಫೋನ್ ಮಾಡಿ ಅಂತ ಚೀಟಿಯ ಮೇಲೆಯೇ ಬರೆದುಕೊಡುತ್ತೇನೆ. ಗಾಯ ಬೇಗ ಮಾಯುವುದಿಲ್ಲ, ಮೊದಲೇ ನಿಲ್ಲಿಸಬೇಕಾಗುತ್ತದೆ.