ಯುಗಾದಿ ಸೆಕೆ, ಎರಡು ಹರವಿ, ಎಂಟು ಬ್ರೆಡ್

ಶಿವರಾತ್ರಿಗೆ ಚಳಿ ಶಿವಶಿವ ಎಂದು ಹೋದದ್ದೇ ತಡ, ದಾವಣಗೆರೆಯಲ್ಲಿ ಮನೆಯಲ್ಲಿ ಬ್ರೆಡ್ ಮಾಡುವ ನಾವೆಲ್ಲ ಓವನ್‌ಗೆ ಬಟ್ಟೆ ಹೊದಿಸಿಬಿಡುತ್ತೇವೆ. ಮತ್ತೆ ತೆಗೆಯುವುದು ಜೂನ್ ಮಳೆಗೇ. ಎರಡು ವರ್ಷ ನಾನೂ ಹಾಗೆಯೇ ಮಾಡಿದೆ. ಈ ಸಲ ನಿಲ್ಲಿಸಲಿಲ್ಲ, ಹಿಟ್ಟನ್ನು ತಂಪಾಗಿಡಲು ಹರವಿ, ಅಂದರೆ ಮಣ್ಣಿನ ದೊಡ್ಡ ಮಡಕೆ ಹಿಡಿದೆ. ಯುಗಾದಿಯ ಹಿಂದುಮುಂದಿನ ಆರು ವಾರಗಳಲ್ಲಿ ಇನ್ನೂರರ ಹತ್ತಿರ ಹತ್ತಿರ ಬ್ರೆಡ್ ಮಾರಿದ್ದೇನೆ. ಪುಸ್ತಕ ನೋಡದೆ ಹೇಳುತ್ತಿದ್ದೇನೆ, ಹತ್ತು ಹೆಚ್ಚುಕಡಿಮೆ ಇರಬಹುದು. "ಈ ಬಿಸಿಲಲ್ಲಿ ಹಿಟ್ಟು ನಿಮ್ಮ ಮಾತು ಕೇಳುವುದಿಲ್ಲ ಅಕ್ಕಾ" ಎಂದು ನಕ್ಕಿದ್ದ ನಮ್ಮ ಬೀದಿಯ ಬೇಕರಿಯವರು ಕಳೆದ ವಾರ ಒಂದು ಬ್ರೆಡ್ ಕೊಂಡು ಹೋದರು. ದುಡ್ಡು ಕೊಟ್ಟೇ ಕೊಂಡರು.

ಕಳೆದ ವರ್ಷ ಓವನ್‌ಗೆ ಬಟ್ಟೆ ಹೊದಿಸುವ ಮುಂಚಿನ ಕಥೆ ಮೊದಲು. ಮಾಘದ ಲೆಕ್ಕವನ್ನೇ ಫಾಲ್ಗುಣಕ್ಕೂ ಹಿಡಿದುಕೊಂಡು ಹೊರಟಿದ್ದೆ, ಅರ್ಧ ಕಿಲೋ ಮೈದಾಗೆ ಒಂದು ಚಮಚ ಯೀಸ್ಟ್. ನಲವತ್ತು ನಿಮಿಷಕ್ಕೆ ಹಿಟ್ಟು ಡಬರಿಯ ಮುಚ್ಚಳವನ್ನು ತಲೆಯ ಮೇಲೆ ಹೊತ್ತು ನಿಂತಿತ್ತು. ಬೇಯಿಸಿದರೆ ಮೇಲ್ಭಾಗ ಕುಸಿಯಿತು, ಬಣ್ಣ ಬರಲಿಲ್ಲ, ಸೆರೆಯ ವಾಸನೆ ಬೇರೆ. ಆಮೇಲೆ ಐಸ್ ಹಾಕಿದ ನೀರಿನಲ್ಲಿ ನಾದಿದೆ. ನಾದಿ ಮುಗಿಸಿದಾಗ ಹಿಟ್ಟು 26 ಡಿಗ್ರಿ, ಚೆನ್ನಾಗಿಯೇ ಇತ್ತು. ಆದರೆ ಅಡುಗೆಮನೆ 34. ಒಂದು ಗಂಟೆಯಲ್ಲಿ ಐಸಿನ ಪುಣ್ಯವೆಲ್ಲ ಕರಗಿಹೋಯಿತು.

ಫ್ರಿಜ್‌ನಲ್ಲಿ ಇಡಬಹುದಲ್ಲ ಎನ್ನುತ್ತೀರಿ. ನಮ್ಮದು ಒಂದೇ ಬಾಗಿಲಿನ ಚಿಕ್ಕ ಫ್ರಿಜ್. ಹಾಲು, ದೋಸೆ ಹಿಟ್ಟು, ಅತ್ತೆಯವರ ಹೂವು ಎಲ್ಲ ಅದರಲ್ಲೇ. ಕಷ್ಟಪಟ್ಟು ಜಾಗ ಮಾಡಿದ ದಿನ ರಾತ್ರಿಯಿಡೀ ಕರೆಂಟ್ ಇಲ್ಲ. ಕರೆಂಟ್ ಇದ್ದ ದಿನ, ತಣ್ಣಗೆ ಕಲ್ಲಾದ ಹಿಟ್ಟು ಎಚ್ಚರವಾಗುವಷ್ಟರಲ್ಲಿ ಒಂಬತ್ತೂವರೆ. ಗಿರಾಕಿಗಳು ಅಷ್ಟರಲ್ಲಿ ಉಪ್ಪಿಟ್ಟು ತಿಂದು ಕೈ ತೊಳೆದಿರುತ್ತಾರೆ.

ನಿಜವಾಗಿ ನನ್ನನ್ನು ಕೂರಿಸಿದ್ದು ಎಳೆ ರೋಗ, ಅಂದರೆ ಸೆಕೆಯಲ್ಲಿ ಬ್ಯಾಕ್ಟೀರಿಯಾದಿಂದ ಬ್ರೆಡ್ ಒಳಗೊಳಗೇ ಅಂಟಾಗಿ ಕೆಡುವುದು. ಬಿಸಿ ಪೂರ್ತಿ ಆರುವ ಮೊದಲೇ ಕವರಿಗೆ ತುಂಬಿ ಕೊಟ್ಟಿದ್ದೆ. ಎರಡನೆಯ ದಿನ ಒಬ್ಬರು ವಾಪಸ್ ತಂದು ನನ್ನ ಎದುರಿಗೇ ಮುರಿದು ತೋರಿಸಿದರು: ಎರಡು ತುಂಡುಗಳ ನಡುವೆ ಜೇಡರ ಬಲೆಯಂಥ ಅಂಟು ಎಳೆ, ಅತಿಯಾಗಿ ಹಣ್ಣಾದ ಕರಬೂಜದ ವಾಸನೆ. ಹನ್ನೊಂದು ಬ್ರೆಡ್, 550 ರೂಪಾಯಿ ಹಿಂದಿರುಗಿಸಿದೆ. ಮರ್ಯಾದೆಯ ಬೆಲೆ ಬೇರೆ. ಪಾತ್ರೆ, ಹಲಗೆ, ಅಚ್ಚು ಎಲ್ಲವನ್ನೂ ವಿನೆಗರ್‌ನಲ್ಲಿ ಒರೆಸಿದೆ. ಈಗ ಸೆಕೆ ಇರುವಷ್ಟು ದಿನ ಕಿಲೋ ಹಿಟ್ಟಿಗೆ ಎರಡು ಚಮಚ ವಿನೆಗರ್ ಹಾಕಿಯೇ ನಾದುವುದು, ಮೂರು ಗಂಟೆ ಆರದೆ ಕವರ್ ಮುಟ್ಟುವುದಿಲ್ಲ.

ಹರವಿಯ ಯೋಚನೆ ಬಂದದ್ದು ಕುಡಿಯುವ ನೀರಿನಿಂದ. ನಮ್ಮ ಊರಿನ ಒಣ ಸೆಕೆಯಲ್ಲಿ ಮಡಕೆ ನೀರು ಹೇಗೆ ತಣ್ಣಗಿರುತ್ತದೆ! ದೊಡ್ಡ ಹರವಿಯೊಳಗೆ ಚಿಕ್ಕ ಗಡಿಗೆ ಇಟ್ಟು, ನಡುವಿನ ಸಂದಿಗೆ ಮರಳು ತುಂಬಿ, ಮರಳಿಗೆ ನೀರು ಕುಡಿಸಿದೆ. ಗಡಿಗೆಯೊಳಗೆ ಹಿಟ್ಟಿನ ಸ್ಟೀಲ್ ಡಬರಿ, ಮೇಲೆ ಒದ್ದೆ ಗೋಣಿಚೀಲ. ಹರವಿ 250 ರೂಪಾಯಿ, ಗಡಿಗೆ 120. ಮರಳು ಪಕ್ಕದಲ್ಲಿ ಮನೆ ಕಟ್ಟಿಸುತ್ತಿರುವವರದು, ಕೇಳಿಯೇ ತಂದೆ. "ಬ್ರೆಡ್ಡಿಗೆ ಸಮಾಧಿ ಕಟ್ಟಿದೆಯಾ?" ಎಂದರು ಅತ್ತೆ.

ಮೊದಲ ವಾರ ಸಮಾಧಿಯೇ ಆಯಿತು. ಚೆಂದ ಎಂದು ಬಣ್ಣ ಬಳಿದ ಹರವಿ ತಂದಿದ್ದೆ. ಬಣ್ಣ ರಂಧ್ರಗಳನ್ನೆಲ್ಲ ಮುಚ್ಚಿದ ಮೇಲೆ ಅದು ಬೆವರುವುದೆಲ್ಲಿಂದ? ಬೆವರದೆ ತಂಪಾಗುವುದಿಲ್ಲ. ಬಣ್ಣವಿಲ್ಲದ್ದನ್ನು ತಂದು ಅಟ್ಟದ ಕೆಳಗೆ ಇಟ್ಟೆ, ಗಾಳಿ ಇಲ್ಲ, ಅಲ್ಲಿಯೂ ಅದೇ ಗತಿ. ಹಿತ್ತಲ ಕಿಟಕಿಯ ಎದುರಿಗೆ ತಂದಾಗ ಕೆಲಸ ಮಾಡಿತು. ಹೊರಗೆ ರಾತ್ರಿ 29 ಇದ್ದರೆ ಒಳಗೆ 22, 23. ರಾತ್ರಿ ಹತ್ತಕ್ಕೆ ಕಿಲೋ ಮೈದಾ, 620 ಎಂ.ಎಲ್. ಮಡಕೆ ನೀರು, 20 ಗ್ರಾಂ ಉಪ್ಪು, ಯೀಸ್ಟ್ ಕಾಲು ಚಮಚ. ಹೌದು, ಕಾಲೇ ಚಮಚ. ಬೆಳಿಗ್ಗೆ ಆರಕ್ಕೆ ಹಿಟ್ಟು ಎರಡರಷ್ಟಾಗಿ, ಮಗುವಿನ ಕೆನ್ನೆಯ ಹಾಗೆ ಇರುತ್ತದೆ. ಎಂಟಕ್ಕೆಲ್ಲ ಮೊದಲ ಜೋಡಿ ಓವನ್‌ನಿಂದ ಹೊರಗೆ. ನಿಧಾನಕ್ಕೆ ಹುದುಗಿದ ರುಚಿಯ ಮುಂದೆ ನನ್ನದೇ ಚಳಿಗಾಲದ ಬ್ರೆಡ್ ಸಪ್ಪೆ.

ಇದು ಒಣ ಹವೆಯ ಆಟ ಎಂಬುದು ನೆನಪಿರಲಿ. ಒಂದು ರಾತ್ರಿ ಅಶ್ವಿನಿ ಮಳೆ ಬಿತ್ತು. ಗಾಳಿಯೇ ಒದ್ದೆ, ಹರವಿ ಬೆವರಲಿಲ್ಲ, ಬೆಳಿಗ್ಗೆ ಹಿಟ್ಟು ಡಬರಿ ದಾಟಿ ಮರಳಿನ ಮೇಲೆ ಹರಿದಿತ್ತು. ಮಂಗಳೂರಿನ ನನ್ನ ತಂಗಿ ನನ್ನ ಮಾತು ಕೇಳಿ ಎರಡು ಮಡಕೆ ಕೊಂಡಳು. ಈಗ ಅದರಲ್ಲಿ ತುಳಸಿ ಬೆಳೆದಿದೆ.

ನಡುವೆ ಒಂದಿಷ್ಟು ಹುಚ್ಚಾಟವೂ ಆಯಿತು. ಜವೆ ಗೋಧಿಯ ಹಿಟ್ಟು ಅರ್ಧ ಬೆರೆಸಿದೆ: ಪರಿಮಳ ಹುಗ್ಗಿಯದ್ದು, ಎತ್ತರ ರೊಟ್ಟಿಯದ್ದು. ಒಣದ್ರಾಕ್ಷಿ ನೆನೆಸಿದ ನೀರಿನಿಂದ ಯೀಸ್ಟ್ ಇಲ್ಲದೆ ಉಬ್ಬಿಸಲು ನೋಡಿದೆ. ಮೂರನೆಯ ದಿನಕ್ಕೆ ಬಾಟಲಿ ಬುರುಬುರು ಎಂದಿತು, ಬ್ರೆಡ್ ಚೆನ್ನಾಗಿಯೂ ಬಂದಿತು, ಆದರೆ ಪ್ರತಿ ಸಲ ಬೇರೆ ಬೇರೆ ಹೊತ್ತಿಗೆ. ಮಾರುವವಳಿಗೆ ಆಗದ ಮಾತು. ಗೆದ್ದದ್ದು ಮಂಡಕ್ಕಿ. ಪುಡಿ ಮಾಡಿ ಬೆರೆಸಿದರೆ ನೀರು ಹಿಡಿದುಕೊಳ್ಳುತ್ತದೆ, ಮೂರನೆಯ ದಿನವೂ ಬ್ರೆಡ್ ಮೆತ್ತಗಿರುತ್ತದೆ. ಎಷ್ಟು, ಯಾವಾಗ ಹಾಕುವುದೆಂದು ಮಾತ್ರ ಕೇಳಬೇಡಿ. ಬೇಕರಿಯವರೂ ಕೇಳಿದರು. ಹರವಿ ಎಲ್ಲಿ ಸಿಗುತ್ತದೆ ಎಂದಷ್ಟೇ ಹೇಳಿ ಕಳುಹಿಸಿದೆ.

ಕಿಲೋಗೆ ನಾಲ್ಕು ಬ್ರೆಡ್, ಒಂದೊಂದೂ 400 ಗ್ರಾಂಗೆ ತುಸು ಕಡಿಮೆ. ಮೈದಾ, ಎಣ್ಣೆ, ಕರೆಂಟ್, ಕವರ್ ಸೇರಿ ಒಂದಕ್ಕೆ 22 ರೂಪಾಯಿ ಬೀಳುತ್ತದೆ, ಮಾರುವುದು 50ಕ್ಕೆ. ನನ್ನ ನಿದ್ದೆಗೆ ಬೆಲೆ ಕಟ್ಟಿಲ್ಲ. ಇಂಥ ಎರಡು ಹರವಿಗೆ, ಒಂದೊಂದರಲ್ಲಿ ಕಿಲೋ ಮೈದಾದ ಹಿಟ್ಟಿನಂತೆ, ಎಂಟು ಬ್ರೆಡ್ ಆಗುತ್ತಿತ್ತು. ಈ ವಾರದಿಂದ ನಾಲ್ಕೇ, ಏಕೆಂದರೆ ಒಂದರಲ್ಲಿ ಅತ್ತೆ ಮಜ್ಜಿಗೆ ಇಟ್ಟುಕೊಂಡಿದ್ದಾರೆ. ತೆಗೆಯುವಂತೆ ಹೇಳುವ ಧೈರ್ಯ ನನಗಿಲ್ಲ. ಭಾನುವಾರ ಕುಂಬಾರರ ಬಳಿ ಹೋಗಿ ಇನ್ನೊಂದು ತರಬೇಕು.