ಹೊಲದಲ್ಲಿ ಸಿಕ್ಕ ಮಣ್ಣಿನ ಕೊಳವೆ ಚಿಲುಮೆಯೇ? ಗುರುತಿಸುವ ಬಗೆ

ವಿಜಯಪುರದ ಸುತ್ತಲಿನ ಎರೆ ಹೊಲಗಳಲ್ಲಿ ಮಳೆ ಬಿದ್ದ ಮೇಲೆ ಕೆಂಪು ಮಣ್ಣಿನ ಕೊಳವೆಯ ಚೂರು ಕಂಡರೆ ದಯವಿಟ್ಟು ತೊಳೆಯಬೇಡಿ. ಅದು ಸೊಪ್ಪು ತುಂಬಿ ಹೊಗೆ ಸೇದುವ ಚಿಲುಮೆಯದ್ದಾಗಿರಬಹುದು. ಒಳಗೋಡೆಗೆ ಅಂಟಿದ ಕಪ್ಪು ಜಿಡ್ಡೇ ಅದರ ಜೀವ. ಅದರಲ್ಲಿ ಹೊಗೆಸೊಪ್ಪಿನ ನಿಕೋಟಿನ್ ಉಳಿದಿದ್ದರೆ ಪ್ರಯೋಗಾಲಯದಲ್ಲಿ ಪತ್ತೆ ಹಚ್ಚಬಹುದು. ನಲ್ಲಿಯ ಕೆಳಗೆ ಹಿಡಿದು ಉಜ್ಜಿದರೆ ಆ ಸಾಕ್ಷಿ ಹೋಯಿತು.

ನಮ್ಮದು ಕುಂಬಾರರ ಮನೆ. ತಂದೆಯವರು ತಿಗರಿಯ ಮೇಲೆ ಮಣ್ಣಿನ ದೊಡ್ಡ ಮುದ್ದೆ ಇಟ್ಟು, ಅದರ ತುದಿಯಿಂದ ಒಂದರ ಹಿಂದೊಂದು ಚಿಲುಮೆ ಎಬ್ಬಿಸಿ ದಾರದಿಂದ ಕೊಯ್ದು ಇಡುತ್ತಿದ್ದರು. ಹಾಗಾಗಿ ನಾನು ಮೊದಲು ಚೂರನ್ನು ಬಿಸಿಲಿಗೆ ಓರೆಯಾಗಿ ಹಿಡಿದು ಒಳಗೆ ನೋಡುತ್ತೇನೆ. ಬೆರಳಿನ ಸುರುಳಿ ಗೆರೆ ಇದ್ದರೆ ತಿಗರಿಯ ಕೆಲಸ. ಆದರೆ ಗಿಂಡಿಯ ಮೂತಿಯಲ್ಲೂ ಆ ಗೆರೆ ಇರಬಹುದು. ಮೂತಿಯಾದರೆ ಒಂದು ತುದಿಯಲ್ಲಿ ಪಾತ್ರೆಯ ಗೋಡೆಯಿಂದ ಕಿತ್ತು ಬಂದ ಒರಟು ಅಂಚು ಇರುತ್ತದೆ, ಒಳಗೆ ಹೊಗೆಯ ಕಪ್ಪು ಇರುವುದಿಲ್ಲ. ಕಮ್ಮಾರರ ತಿದಿಯ ಕೊಳವೆಗೆ ಗೋಡೆ ದಪ್ಪ. ಬೆಂಕಿಯ ಕಡೆಯ ತುದಿ ಕರಗಿ ಗಾಜಿನಂತಾಗಿರುತ್ತದೆ. ಚಿಲುಮೆ ಸುಡುವುದು ಒಳಗಿನಿಂದ, ಅದೂ ಅಗಲ ಬಾಯಿಯ ಕಡೆ. ಸೊಪ್ಪು ಕೆಳಗೆ ಜಾರದಂತೆ ಇಟ್ಟ ಹರಳು ಒಳಗೇ ಸಿಕ್ಕಿಕೊಂಡಿದ್ದರೆ ಅದನ್ನು ಕೀಳಬೇಡಿ. ಕೈಯಲ್ಲಿ ಹಿಡಿದು ಸೇದುವ ಚಿಲುಮೆ ಉದ್ದ, ಕೆಳಗೆ ಕಿರಿದು. ಹುಕ್ಕಾದ ಮೇಲೆ ಕೂರಿಸುವುದು ಗಿಡ್ಡ, ಬಟ್ಟಲಿನಂತೆ ಅಗಲ.

ಕಾಲದ ಮಾತಿಗೆ ಬಂದರೆ ನಮ್ಮ ಊರಿಗೆ ದೊಡ್ಡ ಭಾಗ್ಯವಿದೆ. 1604ರ ಸುಮಾರಿಗೆ ಮೊಘಲ್ ರಾಯಭಾರಿ ಅಸದ್ ಬೇಗ್ ಇಲ್ಲಿ ಹೊಗೆಸೊಪ್ಪನ್ನು ಕಂಡು, ರತ್ನ ಕೂರಿಸಿದ ಕೊಳವೆಯ ಸಮೇತ ಅಕ್ಬರನಿಗೆ ಒಯ್ದ. ಅದೇ ಕಾಲದಲ್ಲಿ ಇಲ್ಲಿನ ಸುಲ್ತಾನ ಎರಡನೆಯ ಇಬ್ರಾಹಿಂ ಆದಿಲ್ ಶಾಹ ಪಕ್ಕದ ತೊರವಿಯ ಬಳಿ ನವರಸಪುರ ಕಟ್ಟಿಸುತ್ತಿದ್ದ. 1599ರಲ್ಲಿ ಆರಂಭವಾದ ಆ ನಗರವನ್ನು 1624ರಲ್ಲಿ ಅಹಮದ್‌ನಗರದ ಸೇನಾಧಿಪತಿ ಮಲಿಕ್ ಅಂಬರ್ ಹಾಳುಗೆಡವಿದ. ಅಲ್ಲಿ ಯಾರೂ ಕದಡದ ಮಣ್ಣಿನ ಪದರದಲ್ಲಿ ಚಿಲುಮೆ ಸಿಕ್ಕರೆ ಅದು ದಕ್ಷಿಣದ ಹೊಗೆಸೊಪ್ಪಿನ ಮೊದಲ ದಿನಗಳ ಸಾಕ್ಷಿಯಾಗಬಲ್ಲದು. ಹೊಲದ ಮೇಲ್ಮೈಯಲ್ಲಿ ಸಿಕ್ಕದ್ದಕ್ಕೆ ಈ ಬಲವಿಲ್ಲ; ರೈತರು ಹಾಳೂರಿನ ಮಣ್ಣನ್ನು ಗೊಬ್ಬರವೆಂದು ಹೇರಿ ತಂದಿರುತ್ತಾರೆ. ಚಿಲುಮೆಯಲ್ಲಿ ಗಾಂಜಾ ಕೂಡ ಸೇದುತ್ತಿದ್ದರು, ಆದ್ದರಿಂದ ಆಕಾರ ನೋಡಿ ಹೊಗೆಸೊಪ್ಪು ಎನ್ನಬೇಡಿ.

ಇಂಗ್ಲೆಂಡಿನ ಬಿಳಿ ಜೇಡಿಯ ಪೈಪುಗಳಿಗೆ ದಂಟಿನ ರಂಧ್ರದ ಅಳತೆಯಿಂದ ಕಾಲ ಹೇಳುವ ಪದ್ಧತಿಯಿದೆ: 1600ರ ಆಸುಪಾಸಿನವುಗಳಲ್ಲಿ ಇಂಚಿನ 64ರಲ್ಲಿ 9 ಪಾಲು, 1750ರ ನಂತರದವುಗಳಲ್ಲಿ 4 ಪಾಲು. ಅದನ್ನು ನಮ್ಮ ಚಿಲುಮೆಗೆ ಹಚ್ಚಬೇಡಿ. ಅವರು ಅಚ್ಚಿನಲ್ಲಿ ತಂತಿ ತೂರಿಸುತ್ತಿದ್ದರು, ನಮ್ಮಲ್ಲಿ ರಂಧ್ರ ಕುಂಬಾರನ ಕೈಗೆ ಬಿಟ್ಟದ್ದು.

ಚೂರು ಬಿದ್ದಲ್ಲೇ, ಹತ್ತು ರೂಪಾಯಿ ನಾಣ್ಯ (27 ಮಿ.ಮೀ.) ಪಕ್ಕಕ್ಕಿಟ್ಟು ಫೋಟೊ ತೆಗೆಯಿರಿ, ಮೊಬೈಲಿನಲ್ಲಿ ಜಾಗವನ್ನೂ ದಾಖಲಿಸಿ. ಅಗೆಯಬೇಡಿ. ಸಂರಕ್ಷಿತ ಸ್ಮಾರಕದ ಬೇಲಿಯೊಳಗಿನದನ್ನು ಮುಟ್ಟಲೇಬೇಡಿ. ಆ ಫೋಟೊಗಳನ್ನು ಗೋಳಗುಮ್ಮಟದ ಆವರಣದಲ್ಲಿರುವ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಒಯ್ದು ತೋರಿಸಿ.