ಕೆಂಪು ಕೆಸರಿನ ಏರು: ಎಲ್‌ಎಸ್‌ಡಿಯೋ, ಟ್ರ್ಯಾಕ್ಷನ್ ಕಂಟ್ರೋಲೋ?

ಗೋವಾದ ಪೋಂಡಾದಲ್ಲಿ ನನ್ನದೊಂದು ಸಣ್ಣ ಗ್ಯಾರೇಜ್ ಇದೆ, ಊರು ಬೆಳಗಾವಿ ಕಡೆ. ಮಳೆ ಹಿಡಿಯಿತೆಂದರೆ ವಾಳಪೈ ಸುತ್ತಲಿನ ಗೋಡಂಬಿ ತೋಟದವರು ಬರುತ್ತಾರೆ. ತೋಟದ ಏರಿನಲ್ಲಿ ಗಾಡಿ ಜಾರುತ್ತದೆ ಅನ್ನುವುದೇ ಎಲ್ಲರ ದೂರು.

ಈ ಸಲ ನಮ್ಮೂರ ಕಡೆಯ ಕಾಕಾ ಒಬ್ಬರು ಹಳೇ ಪಿಕಪ್ ತಂದರು. ಅದರ ಹಿಂದಿನ ಆಕ್ಸಲ್‌ನಲ್ಲಿ ಪ್ಲೇಟ್ ಇರುವ ಎಲ್‌ಎಸ್‌ಡಿ (ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್) ಇದೆ. ಡಿಫರೆನ್ಷಿಯಲ್ ಅಂದರೆ ಎಂಜಿನ್ ಬಲವನ್ನು ಎರಡು ಚಕ್ರಕ್ಕೆ ಹಂಚುವ ಗೇರ್‌ಗಳು, ಎಲ್‌ಎಸ್‌ಡಿಯಲ್ಲಿ ಒಂದೇ ಚಕ್ರ ಸುಮ್ಮನೆ ಸುತ್ತದಂತೆ ಉಜ್ಜಿ ಹಿಡಿಯುವ ಪ್ಲೇಟ್‌ಗಳೂ ಇರುತ್ತವೆ. "ಮಗನ ಹೊಸ ಗಾಡಿ ಹತ್ತತೈತಿ, ಇದ್ಯಾಕ ಹತ್ತವಲ್ದು?" ಅಂದರು.

ಮಗನ ಗಾಡಿಯಲ್ಲಿ ಇದ್ದದ್ದು ಟ್ರ್ಯಾಕ್ಷನ್ ಕಂಟ್ರೋಲ್. ಸಾದಾ ಡಿಫರೆನ್ಷಿಯಲ್ ಎರಡೂ ಚಕ್ರಕ್ಕೆ ಒಂದೇ ಸಮ ಬಲ ಕೊಡುತ್ತದೆ, ಹಾಗಾಗಿ ಕೆಸರಿನಲ್ಲಿರುವ ಚಕ್ರ ಎಷ್ಟು ಹಿಡಿಯುತ್ತದೋ ಗಟ್ಟಿ ನೆಲದ ಚಕ್ರಕ್ಕೂ ಸಿಗುವುದು ಅಷ್ಟೇ. ಟ್ರ್ಯಾಕ್ಷನ್ ಕಂಟ್ರೋಲ್, ಚಕ್ರದ ವೇಗ ನೋಡುವ ಎಬಿಎಸ್ ಸೆನ್ಸರ್‌ನಿಂದ ಚಕ್ರ ಜಾರುವುದನ್ನು ಪತ್ತೆ ಮಾಡಿ, ಸುತ್ತುವ ಚಕ್ರಕ್ಕೆ ಬ್ರೇಕ್ ಹಾಕುತ್ತದೆ, ಆಗ ಇನ್ನೊಂದಕ್ಕೂ ಬಲ ಹೋಗುತ್ತದೆ. ಆದರೆ ಚಕ್ರ ಮೊದಲು ಜಾರಲೇಬೇಕು. ಜೊತೆಗೆ ಎಂಜಿನ್ ಪವರನ್ನೂ ಇಳಿಸುತ್ತದೆ, ಏರಿನಲ್ಲಿ ಓಟ ಅಲ್ಲೇ ಹೋಯಿತು. ಎಲ್‌ಎಸ್‌ಡಿ ಹಾಗೆ ಕಾಯುವುದಿಲ್ಲ, ಪ್ಲೇಟ್‌ಗಳು ಮೊದಲಿನಿಂದಲೇ ಬಿಗಿಯಾಗಿ ಎರಡೂ ಚಕ್ರವನ್ನು ಹಿಡಿದಿರುತ್ತವೆ.

ಪಿಕಪ್‌ನ ಮುಂದಿನ ಚಕ್ರಕ್ಕೆ ಅಡ್ಡೆ ಕೊಟ್ಟು, ಎಂಜಿನ್ ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಹಿಂದಿನ ಒಂದು ಚಕ್ರ ಎತ್ತಿದೆ. ಕೈಯಿಂದ ತಿರುಗಿಸಿದರೆ ಸಲೀಸಾಗಿ ತಿರುಗಿತು! ಒಳ್ಳೆಯ ಎಲ್‌ಎಸ್‌ಡಿ ಆಗಿದ್ದರೆ ಬರಿಗೈಗೆ ಬಗ್ಗಬಾರದು. ಬಿಚ್ಚಿ ನೋಡಿದರೆ ಪ್ಲೇಟ್‌ಗಳು ತೆಳುವಾಗಿ ಗಾಜಿನಂತೆ ನುಣುಪಾಗಿದ್ದವು. ಯಾರೋ ಸಾದಾ ಗೇರ್ ಆಯಿಲ್ ಹಾಕಿದ್ದರು. ಹೊಸ ಪ್ಲೇಟ್ ಹಾಕಿ, ಎಲ್‌ಎಸ್‌ಡಿ ಆಯಿಲ್ ತುಂಬಿಸಿ, ಖಾಲಿ ಮೈದಾನದಲ್ಲಿ ಎಂಟರ ಆಕಾರದಲ್ಲಿ 10-15 ಸುತ್ತು ನಿಧಾನಕ್ಕೆ ಓಡಿಸಿದೆ, ಪ್ಲೇಟಿನ ನಡುವೆ ಆಯಿಲ್ ಸೇರಲಿ ಅಂತ.

ಮರುದಿನ ಅದೇ ಏರು. ಗಲಾಟೆ ಇಲ್ಲದೆ ಹತ್ತಿತು, ಅಷ್ಟೂ ಕೆಂಪು ಮಣ್ಣು ಸಿಡಿಸದೆ. ಆದರೆ ಮೇಲಿನ ಚರಂಡಿ ದಾಟುವಾಗ ಒಂದು ಚಕ್ರ ಗಾಳಿಯಲ್ಲಿ ತೂಗಿತು, ಪ್ಲೇಟ್‌ಗಳ ಬಿಗಿ ಅಷ್ಟಕ್ಕೆ ಸಾಲದೆ ಗಾಡಿ ನಿಂತಿತು. ಹ್ಯಾಂಡ್‌ಬ್ರೇಕ್ ಎರಡು ಹಲ್ಲು ಎಳೆದು ಆಕ್ಸಿಲರೇಟರ್ ಒತ್ತಿದೆ, ಗಾಳಿಯ ಚಕ್ರಕ್ಕೆ ತಡೆ ಸಿಕ್ಕು ಬಲ ಇನ್ನೊಂದಕ್ಕೆ ಹೋಗಿ ದಾಟಿತು. ಮಗನ ಗಾಡಿ ಅದೇ ಚರಂಡಿಯಲ್ಲಿ ಗರ್ ಗರ್ ಅಂತ ತಾನೇ ದಾಟಿತ್ತು, ಕಾಕಾ ಅದನ್ನೇ ನೋಡಿದ್ದು ಅಲ್ವಾ.

ದಿನಾ ಕೆಸರಿನಲ್ಲಿ ದುಡಿಯುವವರಿಗೆ ನನ್ನ ಮತ ಎಲ್‌ಎಸ್‌ಡಿಗೆ. ಚೋರ್ಲಾ ಘಾಟಿನ ಒದ್ದೆ ತಿರುವಿಗೆ ಟ್ರ್ಯಾಕ್ಷನ್ ಕಂಟ್ರೋಲ್ ಜಾಸ್ತಿ ಒಳ್ಳೆಯದು, ಎಲ್‌ಎಸ್‌ಡಿ ಇರುವ ಖಾಲಿ ಪಿಕಪ್‌ನಲ್ಲಿ ಹಿಂದಿನ ಎರಡೂ ಚಕ್ರ ಒಟ್ಟಿಗೆ ಜಾರಿದರೆ ಬಾಲ ಹೊರಗೆ ಎಸೆಯುತ್ತದೆ. ಇನ್ನೊಂದು, ಎಲ್‌ಎಸ್‌ಡಿ ಗಾಡಿಯ ಒಂದೇ ಚಕ್ರ ಜಾಕ್ ಮೇಲಿದ್ದಾಗ ಎಂಜಿನ್ ಓಡಿಸಿ ಗೇರ್ ಹಾಕಲೇಬೇಡಿ. ನೆಲದ ಮೇಲಿರುವ ಚಕ್ರ ಗಾಡಿಯನ್ನು ಜಾಕ್‌ನಿಂದ ಎಳೆದುಕೊಂಡು ಹೋಗುತ್ತದೆ.